ಭೂದೃಶ್ಯ ಚಿತ್ರ, ಸಂಜ್ಞಾಭಾಷೆ ಮತ್ತು ನಮ್ಮ ಕಲಾವಿಮರ್ಶೆಯ ಪರಿಭಾಷೆ

ಕಲಾಸಂಗ್ರಹಾಲಯದಲ್ಲಿ ಚಿತ್ರದ ಮುಂದೆ ನಿಂತು ನೀಡುವ ಉಪನ್ಯಾಸವು ಕೇಳಬಲ್ಲವರಿಗಾಗಿಯೇ ರೂಪುಗೊಂಡ ಪ್ರಕಾರ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಂತಹ ಕೆಲವು ಸಂಸ್ಥೆಗಳು ಕಿವುಡ ಪ್ರೇಕ್ಷಕರಿಗಾಗಿ ಬ್ರಿಟಿಷ್ ಸಂಜ್ಞಾಭಾಷೆಯಲ್ಲಿ ಇಂತಹ ಉಪನ್ಯಾಸಗಳನ್ನು ಏರ್ಪಡಿಸುತ್ತ ಬಂದಿವೆ. ಇದನ್ನು ಒಂದು ಅನುಕೂಲವೆಂದೋ ಔದಾರ್ಯವೆಂದೋ ಬಗೆದು ಮುಂದೆ ಸಾಗುವುದು ಸುಲಭ. ಆದರೆ ಭೂದೃಶ್ಯ ಚಿತ್ರದ ಮಟ್ಟಿಗೆ, ಮಾತಿನ ವಿಮರ್ಶೆ ಕೈಬಿಟ್ಟ ಕೆಲಸವೊಂದನ್ನು ಈ ಉಪನ್ಯಾಸ ಎತ್ತಿಕೊಳ್ಳುತ್ತದೆ ಎಂಬುದು ಪ್ರಸ್ತುತ ಲೇಖನದ ನಿಲುವು.

ನಮ್ಮಲ್ಲಿ ನಿಸರ್ಗವನ್ನು ಕುರಿತ ಮಾತು ಕಾವ್ಯದಿಂದ ಬಂದುದು. ರನ್ನನ ಹೆಸರನ್ನು ಹೊತ್ತ ಬೆಳಗಲಿಯ ಸೀಮೆಯವನಾದ ನನಗೆ ಇದನ್ನು ಹೇಳಲು ಸಂಕೋಚವಿಲ್ಲ. ಅವನ ಅಜಿತಪುರಾಣ (993) ಸೇರಿದ ಚಂಪೂ ಪರಂಪರೆಗೆ ಅಷ್ಟಾದಶ ವರ್ಣನೆಗಳು ಚಿರಪರಿಚಿತ; ಸಮುದ್ರ, ಪರ್ವತ, ಋತು, ಚಂದ್ರೋದಯಗಳು ಒಂದಾದ ಮೇಲೊಂದು ಬರುತ್ತವೆ. ಕೇಳುವವನಿಗೆ ಆ ಕ್ರಮವೇ ಸೊಗಸು. ಬೆಟ್ಟಕ್ಕೂ ನೀರಿಗೂ ನಡುವೆ ಎಷ್ಟು ದೂರ, ನೋಡುವವನು ನಿಂತಿರುವುದು ಎಲ್ಲಿ ಎಂಬುದನ್ನು ಕವಿ ಹೇಳಬೇಕಾಗಿಲ್ಲ. ಚಿತ್ರಕಾರನಿಗೆ ಹೇಳದೆ ವಿಧಿಯಿಲ್ಲ. ಕಲಾವಿಮರ್ಶೆ ಮಾತ್ರ ಬಹುಮಟ್ಟಿಗೆ ಕವಿಯ ರೂಢಿಯನ್ನೇ ಹಿಡಿಯಿತು.

ಕೆ. ವೆಂಕಟಪ್ಪನವರ (1886-1965) ಊಟಿ, ಕೊಡೈಕನಾಲ್‌ಗಳ ಜಲವರ್ಣ ದೃಶ್ಯಗಳನ್ನೇ ತೆಗೆದುಕೊಳ್ಳಬಹುದು. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಅಭ್ಯಾಸ ಮಾಡಿದವರು. ಈ ಎರಡನೆಯ ಸಂಗತಿ ಬರೆಯುವವರಿಗೆ ದೊಡ್ಡ ಆಮಿಷ. ಮಂಜಿನಲ್ಲಿ ನಾದ, ಗಿರಿಸಾಲಿನಲ್ಲಿ ಲಯ, ವರ್ಣದಲ್ಲಿ ಶ್ರುತಿಶುದ್ಧಿ ಎಂದು ನಾನೂ ಬರೆದಿದ್ದೇನೆ, ಬರೆದು ತೃಪ್ತಿಪಟ್ಟಿದ್ದೇನೆ. ಹುಟ್ಟಿನಿಂದ ನಾದವನ್ನೇ ಅರಿಯದ ಪ್ರೇಕ್ಷಕನ ಮುಂದೆ ಈ ವಾಕ್ಯಗಳನ್ನು ಇಟ್ಟು ನೋಡಿದರೆ ಅವುಗಳಲ್ಲಿ ಚಿತ್ರದ ಬಗ್ಗೆ ಉಳಿಯುವುದು ಅತ್ಯಲ್ಪ.

ಸಂಜ್ಞಾಭಾಷೆ ಕೈಬೆರಳುಗಳಿಂದ ಮಾತನ್ನು ಅನುಕರಿಸುವ ಉಪಾಯವಲ್ಲ. ಕೈಯ ಆಕಾರ, ಅದು ನಿಲ್ಲುವ ಸ್ಥಾನ, ಅದರ ಚಲನೆ ಇವುಗಳಿಂದಲೇ ಅಲ್ಲಿ ಪದರಚನೆಯಾಗುತ್ತದೆ ಎಂಬುದನ್ನು ಅಮೆರಿಕದ ವಿದ್ವಾಂಸ ವಿಲಿಯಂ ಸ್ಟೋಕಿ 1960ರಲ್ಲಿಯೇ ತೋರಿಸಿಕೊಟ್ಟರು. ದೇಹದ ಮುಂದಿನ ಅವಕಾಶವೇ ಈ ಭಾಷೆಯ ವ್ಯಾಕರಣದ ಒಂದು ಭಾಗ. ‘ಬೆಟ್ಟದ ಬಳಿ ಮಂಜು ಕವಿದಿದೆ’ ಎಂದು ಕನ್ನಡದಲ್ಲಿ ಹೇಳಿ ಮುಗಿಸಬಹುದು. ಸಂಜ್ಞೆಯಲ್ಲಿ ಬೆಟ್ಟವನ್ನು ಒಂದೆಡೆ ನಿಲ್ಲಿಸಿದ ಮೇಲೆ ಮಂಜು ಅದರ ಮುಂದೆ ಹಾಯುತ್ತದೆಯೋ, ಹಿಂದಿನಿಂದ ಏರುತ್ತದೆಯೋ, ನೆತ್ತಿಯನ್ನು ಬಿಟ್ಟು ನಡುವನ್ನು ಮಾತ್ರ ಮರೆಸುತ್ತದೆಯೋ ಎಂಬುದನ್ನು ಕೈ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನಿಸಲು ಚಿತ್ರವನ್ನು ಮತ್ತೆ ನೋಡಬೇಕು. ವೆಂಕಟಪ್ಪನವರ ತೆಳುವರ್ಣದ ಪದರಗಳನ್ನು ಕುರಿತು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ದಿಕ್ಕಿನ ತೊಡಕೂ ಉಂಟು. ಮೇಲೆ ಹೆಸರಿಸಿದ ಗ್ಯಾಲರಿಯಲ್ಲಿಯೇ ಇರುವ ಜಾನ್ ಕಾನ್‌ಸ್ಟೆಬಲ್‌ರ ‘ದ ಹೇ ವೇನ್’ (1821) ಚಿತ್ರದಲ್ಲಿ ಎಡಕ್ಕೆ ಮನೆ, ನಡುವೆ ನೀರಿಗಿಳಿದ ಬಂಡಿ, ಬಲಕ್ಕೆ ದೂರದ ಹುಲ್ಲುಗಾವಲು. ಚಿತ್ರಕ್ಕೆ ಬೆನ್ನು ಮಾಡಿ ಪ್ರೇಕ್ಷಕರತ್ತ ನಿಂತ ಉಪನ್ಯಾಸಕಿಗೆ ಆ ಮನೆ ಬಲಕ್ಕೆ ಬೀಳುತ್ತದೆ. ಅವಳು ತನ್ನ ಎಡವನ್ನು ಹಿಡಿಯಬೇಕೆ, ಪ್ರೇಕ್ಷಕರ ಎಡವನ್ನೇ? ಯಾವುದನ್ನು ಆರಿಸಿದರೂ ದೃಶ್ಯವನ್ನು ನೋಡುವವನು ಎಲ್ಲಿ ನಿಂತಿದ್ದಾನೆ ಎಂಬುದು ಸ್ಪಷ್ಟವಾಗಲೇಬೇಕು. ಮಾತಿನ ಉಪನ್ಯಾಸಕ ಇದನ್ನು ಯೋಚಿಸದೆಯೇ ಗಂಟೆಗಟ್ಟಲೆ ಮಾತಾಡಬಲ್ಲ.

ಇನ್ನೊಂದು ಸಂಗತಿ ಹೆಚ್ಚು ಮಹತ್ವದ್ದು. ಕೇಳುವವನ ಕಿವಿ ಮಾತಿನ ಮೇಲೆ, ಕಣ್ಣು ಚಿತ್ರದ ಮೇಲೆ ಏಕಕಾಲಕ್ಕೆ ಇರಬಲ್ಲವು. ಕಿವುಡ ಪ್ರೇಕ್ಷಕನಿಗೆ ಎರಡಕ್ಕೂ ಕಣ್ಣೇ ಬೇಕು; ಕೈಗಳನ್ನು ನೋಡುವಾಗ ಚಿತ್ರ ತಪ್ಪುತ್ತದೆ. ಆದುದರಿಂದ ಉಪನ್ಯಾಸಕಿ ಹೇಳಿ, ಕೈ ಇಳಿಸಿ, ಚಿತ್ರದತ್ತ ತಿರುಗಿ, ಪ್ರೇಕ್ಷಕರು ನೋಡಿ ಮುಗಿಸುವವರೆಗೆ ಕಾಯಬೇಕು. ವಿವರಣೆ ನಿಂತು ನೋಟ ಮಾತ್ರ ನಡೆಯುವ ಈ ಬಿಡುವು ನಮ್ಮ ಉಪನ್ಯಾಸಗಳಲ್ಲಿ ಅಪರೂಪ. ಮಾತಿನ ಕೆಳಗೆ ಚಿತ್ರ ಹೂತುಹೋಗುವುದನ್ನು ನಾವೆಲ್ಲ ಬಲ್ಲೆವು.

ಮಿತಿಗಳಿಲ್ಲವೆಂದಲ್ಲ. ಬೂದು ಬೆರೆತ ನೀಲಿಗೂ ನೀಲಿ ಬೆರೆತ ಬೂದಿಗೂ ಇರುವ ಅಂತರವನ್ನು ಹಿಡಿಯುವುದು ಸಂಜ್ಞೆಗೂ ಕಷ್ಟ, ಪದಕ್ಕೂ ಕಷ್ಟ. ಅಲ್ಲಿ ತೋರಿಸಿ ಸುಮ್ಮನಾಗುವುದೇ ಸರಿ. 2015ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಸಂಶೋಧನ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು, 2021ರ ವೇಳೆಗೆ ಅದನ್ನು 10,000ಕ್ಕೆ ವಿಸ್ತರಿಸಿತು. ಆದರೆ ಕಲೆಯ ಪರಿಭಾಷೆ ನಿಘಂಟಿನಿಂದ ಮಾತ್ರ ಹುಟ್ಟುವುದಿಲ್ಲ, ಚಿತ್ರಗಳ ಮುಂದೆ ನಿಂತು ನಡೆಸಿದ ಚರ್ಚೆಯಿಂದ ಹುಟ್ಟುತ್ತದೆ. ಕಲೆಯನ್ನು ವಿಕಲಚೇತನರಿಗೆ ನಿಲುಕುವಂತೆ ಮಾಡಬೇಕೆಂದು 2016ರ ಹಕ್ಕುಗಳ ಕಾಯ್ದೆಯ 29ನೆಯ ಪ್ರಕರಣ ವಿಧಿಸುತ್ತದೆ. ಕಿವಿಯುಳ್ಳ ಉಪನ್ಯಾಸಕನ ಪಕ್ಕದಲ್ಲಿ ಅನುವಾದಕರೊಬ್ಬರನ್ನು ನಿಲ್ಲಿಸಿ ಇದನ್ನು ಪೂರೈಸಿದಂತೆ ತೋರಿಸಬಹುದು. ಆಗ ಆ ಅನುವಾದಕರು ‘ಮಂಜಿನ ನಾದ’ವನ್ನೇ ಕೈಗಳಿಗೆ ತರಬೇಕಾಗುತ್ತದೆ. ಚಿತ್ರಕಲೆಯನ್ನು ಅಭ್ಯಾಸ ಮಾಡಿದ ಕಿವುಡರೊಬ್ಬರು ತಾವೇ ವೆಂಕಟಪ್ಪ ಚಿತ್ರಶಾಲೆಯಲ್ಲಿ ನಿಂತು ಊಟಿಯ ಬೆಟ್ಟವನ್ನು ತಮ್ಮ ಎದೆಯ ಮುಂದೆ ಎತ್ತಿ ನಿಲ್ಲಿಸಲಿ. ನಮ್ಮಂತಹವರಿಗೆ ಅದನ್ನು ಕನ್ನಡಕ್ಕೆ ಅನುವಾದಿಸುವ ಕೆಲಸವಿರಲಿ.