ಲಂಕೆಗೆ ಹೊರಟವರ ಮಾತ್ರೆ ಡಬ್ಬಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ತಾಸು. ರೈಲು ಹತ್ತಿ ಹುಬ್ಬಳ್ಳಿ ಸೇರುವುದಕ್ಕೂ ಇದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರೂ ಶ್ರೀಲಂಕಾಕ್ಕೆ ಹೊರಟ ನಮ್ಮವರ ಔಷಧಿ ಗಂಟು ನೋಡಿದರೆ ಹಿಮಾಲಯ ಹತ್ತಲು ಹೊರಟಂತಿರುತ್ತದೆ. ರಾಮಾಯಣ ಯಾತ್ರೆಯ ಪ್ಯಾಕೇಜಿನಲ್ಲಿ ಹೋಗುವ ಹಿರಿಯರದ್ದಂತೂ ಕೇಳಲೇಬೇಡಿ. ಚಕ್ಕುಲಿ ಡಬ್ಬಿಗೆ ಸಮನಾಗಿ ಮಾತ್ರೆ ಡಬ್ಬಿ. ಅದು ದೊಡ್ಡದಾಗಿದೆ ಎಂಬುದಕ್ಕೆ ನನ್ನ ತಕರಾರಿಲ್ಲ. ಒಳಗಿರುವುದರ ಹೆಸರು ಯಾರಿಗೂ ಗೊತ್ತಿಲ್ಲ ಎಂಬುದಕ್ಕೆ ಇದೆ. ಬಿಪಿಯದು ಬಿಳಿ ಮಾತ್ರೆ, ಶುಗರಿನದು ಉದ್ದನೆಯದು, ಊಟಕ್ಕೆ ಮುಂಚಿನದು ಹಳದಿಯದು. ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಇಷ್ಟು ಹೇಳಿದರೆ ಸಾಕು, ಅವರೇ ಹುಡುಕಿ ಕೊಡುತ್ತಾರೆ. ಕ್ಯಾಂಡಿಯಲ್ಲಿ ಕೊಡುವುದಿಲ್ಲ.

ಹೊಸ ಊರಿಗೆ ಹೋದರೆ ದೇವಸ್ಥಾನ, ಮಾರುಕಟ್ಟೆಗಳ ಜತೆಗೆ ಅಲ್ಲಿನ ಔಷಧಿ ಅಂಗಡಿಯನ್ನೂ ಒಂದು ಸುತ್ತು ನೋಡುವ ಚಪಲ ನನ್ನದು. ಜನ ಏನು ಕೇಳುತ್ತಾರೆ, ಚೀಟಿ ಇಲ್ಲದೆ ಏನು ಕೊಡುತ್ತಾರೆ, ಗಲ್ಲಾದ ಮೇಲೆ ಏನು ಜೋಡಿಸಿಟ್ಟಿದ್ದಾರೆ ಎಂದು ನೋಡಿದರೆ ಊರಿನ ಜಡ್ಡು ಯಾವುದು, ಜಾಣ್ಮೆ ಯಾವುದು ಎಂಬ ಅಂದಾಜು ಸಿಗುತ್ತದೆ. ಈ ಚಪಲಕ್ಕೆ ಲಂಕೆಯಷ್ಟು ರುಚಿಯಾದ ದೇಶ ನಮ್ಮ ಹತ್ತಿರದಲ್ಲಿ ಇನ್ನೊಂದಿಲ್ಲ.

ನಮಗೆ ಜ್ವರ ಎಂದರೆ ಡೋಲೊ. ತಯಾರಿಸುವ ಕಂಪನಿಯೂ ಬೆಂಗಳೂರಿನದೇ. ಲಂಕೆಯವರಿಗೆ ಜ್ವರ ಎಂದರೆ ಪನಡಾಲ್. ಎರಡರ ಹೊಟ್ಟೆಯಲ್ಲಿರುವುದೂ ಪ್ಯಾರಸಿಟಮಾಲ್, ಆದರೆ ನಮ್ಮದು 650 ಮಿಲಿಗ್ರಾಂ, ಅವರ ಸಾಮಾನ್ಯ ಮಾತ್ರೆ 500. ಇದು ಗೊತ್ತಿಲ್ಲದವರು ಡೋಲೊ ನುಂಗಿದ ಮೇಲೆ ಇನ್ನೊಂದು ಔಷಧಿ ಎಂದುಕೊಂಡು ಪನಡಾಲ್ ನುಂಗುತ್ತಾರೆ. ಆರೋಗ್ಯವಂತ ವಯಸ್ಕರಿಗೂ ದಿನವೊಂದಕ್ಕೆ ಒಟ್ಟು 4 ಗ್ರಾಂ ಮೀರಬಾರದು, ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಅಂಗಡಿಯವರು ಭಾರತದ ಬ್ರಾಂಡುಗಳ ಹೆಸರಿಗೆ ತಲೆ ಅಲ್ಲಾಡಿಸಬಹುದು. ಆಮ್ಲೋಡಿಪಿನ್, ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್ ಎಂದು ಮೂಲ ಔಷಧದ ಹೆಸರು ಹೇಳಿ, ಎಷ್ಟು ಮಿಲಿಗ್ರಾಂ ಎಂದು ಹೇಳಿ, ಕೂಡಲೇ ಕಪಾಟಿನ ಕಡೆ ತಿರುಗುತ್ತಾರೆ. ತೆಗೆದುಕೊಡುವ ಶೀಟಿನ ಹಿಂದೆ ಭಾರತದಲ್ಲಿ ತಯಾರಾದದ್ದು ಎಂದು ಬರೆದಿದ್ದರೆ ಅಚ್ಚರಿಪಡಬೇಡಿ, ಅವರು ಆಮದು ಮಾಡಿಕೊಳ್ಳುವ ಔಷಧಿಯಲ್ಲಿ ದೊಡ್ಡ ಪಾಲು ನಮ್ಮ ಕಡೆಯಿಂದಲೇ ಹೋಗುವುದು.

ಮೂಲ ಹೆಸರಿಗೆ ಆ ದೇಶ ಕೊಡುವ ಮರ್ಯಾದೆಯ ಹಿಂದೆ ಒಬ್ಬ ಮೇಷ್ಟ್ರಿದ್ದಾರೆ. ಸೇನಕ ಬಿಬಿಲೆ, ಪೆರಾದೆನಿಯದಲ್ಲಿ ಔಷಧಶಾಸ್ತ್ರದ ಪ್ರಾಧ್ಯಾಪಕರು. ಬಡ ದೇಶವೊಂದು ಒಂದೇ ಔಷಧಿಯನ್ನು ಹತ್ತು ಹೆಸರಿನಲ್ಲಿ, ಹತ್ತು ಬೆಲೆಗೆ ಕೊಳ್ಳುವುದು ಯಾವ ಬುದ್ಧಿವಂತಿಕೆ ಎಂಬುದು ಅವರ ಪ್ರಶ್ನೆ. 1971ರಲ್ಲಿ ಸರ್ಕಾರಿ ಔಷಧ ನಿಗಮ ಶುರುವಾದಾಗ ಅದರ ಮೊದಲ ಅಧ್ಯಕ್ಷರಾದರು. ಎರಡು ಸಾವಿರ ದಾಟಿದ್ದ ಆಮದು ಪಟ್ಟಿಯನ್ನು ಆರುನೂರರ ಆಸುಪಾಸಿಗೆ ಇಳಿಸಿದರು, ಬ್ರಾಂಡ್ ಬಿಟ್ಟು ಮೂಲ ಹೆಸರಿನಲ್ಲೇ ಟೆಂಡರ್ ಕರೆದು ಸಗಟಾಗಿ ಕೊಂಡರು. ದೊಡ್ಡ ಕಂಪನಿಗಳ ಕಣ್ಣು ಕೆಂಪಾಯಿತು. ಬಿಬಿಲೆ 1977ರಲ್ಲಿ ದೂರದ ಗಯಾನಾದಲ್ಲಿ ತೀರಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಮೊದಲ ಅಗತ್ಯ ಔಷಧಗಳ ಪಟ್ಟಿ ಪ್ರಕಟಿಸಿದ್ದೂ ಅದೇ ವರ್ಷ. ಪ್ರವಾಸಿಗೆ ಇದೆಲ್ಲ ಯಾಕೆ ಎನ್ನಬೇಡಿ. ಆ ನಿಗಮದ ಅಂಗಡಿಗಳೇ ಇಂದು ಊರೂರಲ್ಲಿ ಕಾಣುವ 'ಒಸುಸಲ'ಗಳು. ಕೊಲಂಬೊದ ಲಿಪ್ಟನ್ ವೃತ್ತದ ಹತ್ತಿರದ್ದು ಹಳೆಯದು, ಹೆಸರಾದದ್ದು. ಖಾಸಗಿ ಅಂಗಡಿಗಳಲ್ಲೂ ಒಳ್ಳೆಯವಿವೆ. ನನ್ನ ಮೊದಲ ಆಯ್ಕೆ ಮಾತ್ರ ಒಸುಸಲವೇ. ಬೆಲೆ ನೇರ, ಬೇಡದ್ದನ್ನು ಹಿಂದೆ ಬಿದ್ದು ಮಾರುವ ಉಮೇದು ಕಡಿಮೆ.

ಹಾಗೆಂದು ಕೈಬೀಸಿಕೊಂಡು ಹೋಗಲಾಗದು. 2022ರ ಆರ್ಥಿಕ ಕುಸಿತದಲ್ಲಿ ಪೆರಾದೆನಿಯ ಆಸ್ಪತ್ರೆ ಔಷಧಿ ಇಲ್ಲದೆ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಿತ್ತು. ಆ ಸ್ಥಿತಿ ಈಗಿಲ್ಲದಿದ್ದರೂ ದಿನನಿತ್ಯದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಒಂದು ವಾರ ಹೆಚ್ಚೇ ಇಟ್ಟುಕೊಳ್ಳಿ. ಶೀಟಿನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಸುರಿಯಬೇಡಿ, ಜತೆಗೆ ವೈದ್ಯರ ಚೀಟಿ ಇರಲಿ. ಟ್ರಮಡಾಲ್, ಪ್ರಿಗ್ಯಾಬಲಿನ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಒಯ್ಯುವವರಿಗೆ ಈ ಚೀಟಿ ತೀರಾ ಮುಖ್ಯ. ಮೊದಲೆರಡನ್ನು ಅಲ್ಲಿ ನಶೆಗೆ ಬಳಸುವ ಪಿಡುಗು ಇದೆ. ಸೊಂಟನೋವಿನ ಅಜ್ಜಿಯ ಚೀಲದಲ್ಲಿ ಸಿಕ್ಕರೂ ಪ್ರಶ್ನೆ ಪ್ರಶ್ನೆಯೇ.

ಇನ್ನು ಜ್ವರ. ಲಂಕೆಯಲ್ಲಿ ಜ್ವರದ ಲೆಕ್ಕಾಚಾರವೇ ಬೇರೆ. 1934-35ರ ಮಲೇರಿಯಾದಲ್ಲಿ ಸುಮಾರು 80,000 ಜನ ಸತ್ತ ದ್ವೀಪ ಅದು. 1963ರಲ್ಲಿ ವರ್ಷಕ್ಕೆ ಬರೀ 17 ಪ್ರಕರಣಕ್ಕೆ ಇಳಿಸಿ, ಗೆದ್ದೆವೆಂದು ಕೈಚೆಲ್ಲಿದ್ದೇ ತಡ, ಆ ದಶಕ ಮುಗಿಯುವಷ್ಟರಲ್ಲಿ ರೋಗ ಲಕ್ಷಗಟ್ಟಲೆ ಜನರಿಗೆ ಮರಳಿ ಬಂತು. ಎರಡನೆಯ ಸಲ ಅವರು ಆ ಸಡಿಲು ಬಿಡಲಿಲ್ಲ. ಸ್ಥಳೀಯ ಸೊಳ್ಳೆಯಿಂದ ಬಂದ ಮಲೇರಿಯಾ ಕೊನೆಯ ಸಲ ಕಂಡದ್ದು 2012ರಲ್ಲಿ, ಮಲೇರಿಯಾ ಮುಕ್ತ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಸಿಕ್ಕಿದ್ದು 2016ರ ಸೆಪ್ಟೆಂಬರಿನಲ್ಲಿ. ಆದ್ದರಿಂದ ಮಲೇರಿಯಾ ತಡೆಯುವ ಮಾತ್ರೆ ನುಂಗಿಕೊಂಡು ಹೋಗುವ ಅಗತ್ಯ ನಮಗಿಲ್ಲ. ಭಯವೇನಿದ್ದರೂ ಅವರಿಗೆ, ನಮ್ಮಿಂದ. ನಮ್ಮ ನಗರಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆಯ ಜಾತಿ 2016ರ ಕೊನೆಗೆ ಅಲ್ಲಿನ ಮನ್ನಾರ್‌ನಲ್ಲಿ ಪತ್ತೆಯಾದಾಗಿನಿಂದ ಅವರ ಎಚ್ಚರ ಇಮ್ಮಡಿಸಿದೆ. ಮಂಗಳೂರಿನಿಂದ ಹೋದವರು ಜ್ವರವೆಂದು ಅಲ್ಲಿನ ವೈದ್ಯರ ಮುಂದೆ ಕೂತರೆ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ ಎನ್ನಬಹುದು. ಸಿಡಿಮಿಡಿಗೊಳ್ಳದೆ ಬೆರಳು ಚಾಚಿ.

ನಮ್ಮ ಭಯ ಇರಬೇಕಾದದ್ದು ಡೆಂಗಿಯ ಮೇಲೆ. 2017 ಒಂದೇ ವರ್ಷದಲ್ಲಿ ಅಲ್ಲಿ 1,86,000 ದಾಟಿದ ಪ್ರಕರಣಗಳು ದಾಖಲಾದವು. ಎರಡು ಮಳೆಗಾಲಗಳ ದೇಶವಾದ್ದರಿಂದ ಡೆಂಗಿಗೂ ಎರಡು ಸುಗ್ಗಿ, ಜೂನ್ ಆಸುಪಾಸಿಗೊಮ್ಮೆ, ವರ್ಷದ ಕೊನೆಗೊಮ್ಮೆ. ಸೊಳ್ಳೆ ಕಚ್ಚುವುದು ಹಗಲಲ್ಲಿ. ರಾತ್ರಿ ಕಾಯಿಲ್ ಹಚ್ಚಿ ಮಲಗಿದೆವು ಎಂಬ ಸಮಾಧಾನ ಸಾಲದು, ಬೆಳಗಿನ ತಿರುಗಾಟಕ್ಕೇ ಕೈಕಾಲಿಗೆ ಮುಲಾಮು ಸವರಬೇಕು.

ಮಾತ್ರೆ ಡಬ್ಬಿಯ ಅಸಲು ಅಪಾಯ ಇಲ್ಲಿದೆ. ಮೈಕೈ ನೋವು, ಜ್ವರ ಎಂದ ಕೂಡಲೇ ನಮ್ಮವರ ಕೈ ಕಾಂಬಿಫ್ಲಾಮಿಗೆ ಹೋಗುತ್ತದೆ. ಅದರಲ್ಲಿ ಪ್ಯಾರಸಿಟಮಾಲ್ ಜತೆ ಐಬುಪ್ರೊಫೆನ್ ಇದೆ. ಮೆಫ್ಟಾಲಿನಲ್ಲಿರುವುದು ಮೆಫೆನಾಮಿಕ್ ಆಮ್ಲ, ವೋವೆರಾನಿನಲ್ಲಿ ಡೈಕ್ಲೊಫೆನಾಕ್. ಡೆಂಗಿಯಲ್ಲಿ ಇವೆಲ್ಲ ರಕ್ತಸ್ರಾವದ ಅಪಾಯ ಹೆಚ್ಚಿಸುವಂಥವು. ಆಸ್ಪಿರಿನ್ನೂ ಅಷ್ಟೇ. ಹೃದಯಕ್ಕೆಂದು ನಿತ್ಯ ಆಸ್ಪಿರಿನ್ ನುಂಗುವವರು ತಾವಾಗಿಯೇ ನಿಲ್ಲಿಸಬಾರದು, ಜ್ವರ ಬಂದ ದಿನವೇ ವೈದ್ಯರನ್ನು ಕೇಳಬೇಕು. ಉಳಿದವರಿಗೆ ಪ್ಯಾರಸಿಟಮಾಲ್ ಮತ್ತು ಧಾರಾಳವಾಗಿ ನೀರು, ಮೂರನೆಯ ದಿನಕ್ಕೆ ರಕ್ತಕಣಗಳ ಎಣಿಕೆ. ಜ್ವರ ಇಳಿದಾಗ ಗುಣವಾಯಿತೆಂದು ಬಸ್ಸು ಹತ್ತುವುದು ದೊಡ್ಡ ತಪ್ಪು. ರಕ್ತನಾಳದಿಂದ ದ್ರವ ಸೋರುವ ಗಂಡಾಂತರದ ಹೊತ್ತು ಶುರುವಾಗುವುದೇ ಆಗ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮೂತ್ರ ಕಡಿಮೆಯಾಗುವುದು, ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಪಪಾಯ ಎಲೆ ಹುಡುಕುತ್ತಾ ಕೂರುವ ಸಮಯ ಅದಲ್ಲ.

ಹೊಟ್ಟೆಯ ವಿಚಾರ ಬೇಗ ಮುಗಿಯುತ್ತದೆ. ಭೇದಿಯಾದರೆ 'ಜೀವನಿ' ಕೇಳಿ, ಅದು ಅವರ ಓಆರ್‌ಎಸ್. ರಸ್ತೆಬದಿಯ ತಂಬಿಲಿ, ನಮ್ಮ ಕರಾವಳಿಯ ಗೆಂದಾಳಿಯ ಹಾಗಿನ ಕಿತ್ತಳೆ ಬಣ್ಣದ ಎಳನೀರು, ಬಾಯಾರಿಕೆಗೆ ಅಮೃತ. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ ಅದರ ಪೊಟ್ಯಾಶಿಯಂ ಒಳ್ಳೆಯದಲ್ಲ. ಸಸ್ಯಾಹಾರಿಗಳಿಗೂ ಮೀನಿನ ಅಲರ್ಜಿ ಇದ್ದವರಿಗೂ ಸೇರಿಸಿ ಒಂದು ಮಾತು. ತೆಂಗಿನತುರಿಯ ಪೊಲ್ ಸಂಬೋಲ, ಈರುಳ್ಳಿಯ ಸೀನಿ ಸಂಬೋಲ ನೋಡಲು ನಮ್ಮ ಚಟ್ನಿಯೇ. ಅವುಗಳೊಳಗೆ ಉಂಬಲಕಡ ಎಂಬ ಒಣಮೀನಿನ ಪುಡಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬಡಿಸುವವರನ್ನು ಆ ಹೆಸರು ಹಿಡಿದೇ ಕೇಳಿ.

ಕಚ್ಚುವವುಗಳಲ್ಲಿ ನಾಯಿ, ಕೋತಿಗೆ ಮೊದಲ ಸ್ಥಾನ. ದಂಬುಲ್ಲದ ಗುಹಾಲಯದ ಮೆಟ್ಟಿಲ ಮೇಲೆ ಬಾಳೆಹಣ್ಣು ತೋರಿಸಿ ಫೋಟೊ ತೆಗೆಸಿಕೊಳ್ಳುವವರಿಗೆ ನಾನು ಹೇಳುವುದೇನೂ ಇಲ್ಲ, ಕಚ್ಚಿಸಿಕೊಂಡರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ರೇಬೀಸ್ ಲಸಿಕೆಗೆ ಹೋಗಿ ಎಂಬುದರ ಹೊರತು. ಸಿಗಿರಿಯ ಬಂಡೆಯಲ್ಲಿ ಹೆಜ್ಜೇನು ಗೂಡುಗಳಿವೆ, ಸದ್ದು ಮಾಡಬೇಡಿ ಎಂಬ ಫಲಕ ತಮಾಷೆಗೆ ಹಾಕಿದ್ದಲ್ಲ. ಸಿಂಹರಾಜ ಕಾಡಿನ ಉಂಬಳ ಮಲೆನಾಡಿನವರಿಗೆ ಹೊಸದಲ್ಲ. ಹಾವಿನ ಮಾತು ಬೇರೆ. ಅಲ್ಲಿ ಬಳಸುವ ವಿಷನಿರೋಧಕ ಹೆಚ್ಚಾಗಿ ಭಾರತದ್ದು, ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲಗಳಿಗೆಂದು ತಯಾರಾದದ್ದು. ಲಂಕೆಯಲ್ಲಿ ಬಹಳ ಜನರನ್ನು ಕಚ್ಚುವುದು ಮೂಗು ಮೇಲೆದ್ದ ಪುಟ್ಟ ಮಂಡಲ, ಅವರ ಕುಣಕಟುವ. ನಮ್ಮ ಪಶ್ಚಿಮಘಟ್ಟದಲ್ಲೂ ಇದೆ. ಈ ಔಷಧಿ ಅದಕ್ಕೆ ಕೆಲಸ ಮಾಡುವುದಿಲ್ಲ, ಅದು ಕಚ್ಚಿದ ಕೆಲವರಿಗೆ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ. ಚಹಾ ತೋಟದಲ್ಲಿ ಮುಸ್ಸಂಜೆ ಮೇಲೆ ಚಪ್ಪಲಿಯಲ್ಲಿ ಅಡ್ಡಾಡಬೇಡಿ.

ಆಂಬುಲೆನ್ಸಿಗೆ 1990 ಒತ್ತಬೇಕು. 'ಸುವ ಸೇರಿಯ' ಎಂಬ ಈ ಉಚಿತ ಸೇವೆ ಭಾರತದ ಅನುದಾನದಲ್ಲಿ 2016ರಲ್ಲಿ ಶುರುವಾದದ್ದು. ಆರಂಭಿಸಿಕೊಟ್ಟದ್ದು ಕರ್ನಾಟಕದಲ್ಲಿ 108 ಓಡಿಸಿದ ಹೈದರಾಬಾದಿನ ಸಂಸ್ಥೆಯೇ. ಅದು ಸಾಮಾನ್ಯವಾಗಿ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುತ್ತದೆ. ಸರ್ಕಾರಿ ಎಂದು ಮುಖ ಸಿಂಡರಿಸಬೇಡಿ. ಅಪಘಾತ, ಹಾವು ಕಡಿತ, ಡೆಂಗಿಗೆ ಅಲ್ಲಿನ ವೈದ್ಯರ ಅನುಭವ ದೊಡ್ಡದು. ತಜ್ಞರನ್ನು ಸಮಾಧಾನವಾಗಿ ಕಾಣಬೇಕಿದ್ದರೆ ಖಾಸಗಿ ಆಸ್ಪತ್ರೆಯಲ್ಲಿ 'ಚಾನೆಲ್' ಮಾಡಿಸಿ ಎನ್ನುತ್ತಾರೆ, ಅಂದರೆ ಮುಂಗಡ ಚೀಟಿ. ಬೆಳಗ್ಗೆ ಸರ್ಕಾರಿ ವಾರ್ಡಿನಲ್ಲಿದ್ದ ವೈದ್ಯರೇ ಸಂಜೆ ಅಲ್ಲಿ ಸಿಗುತ್ತಾರೆ. ಖಾಸಗಿಯಲ್ಲಿ ದಾಖಲಾದರೆ ಬಿಲ್ಲು ಖಾಸಗಿಯದೇ, ಪ್ರವಾಸ ವಿಮೆಗೆ ಜಿಪುಣತನ ಮಾಡಬೇಡಿ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ, ಸಣ್ಣ ಊರಿನಲ್ಲಿದ್ದರೆ ಮುಗಿಯುತ್ತಿರುವ ಮಾತ್ರೆಯನ್ನು ಹಿಂದಿನ ದಿನವೇ ಕೊಳ್ಳಿ.

ಅನುರಾಧಪುರಕ್ಕೆ ಹೋಗುವವರು ಮಿಹಿಂತಲೆಯ ಬೆಟ್ಟದ ಬುಡದಲ್ಲಿ ಅರ್ಧ ಗಂಟೆ ಇಳಿಯಬೇಕು. ಒಂಬತ್ತನೆಯ ಶತಮಾನದ ಆಸ್ಪತ್ರೆಯೊಂದರ ಅವಶೇಷ ಅಲ್ಲಿದೆ. ಅಂಗಳದ ಸುತ್ತ ರೋಗಿಗಳ ಕೋಣೆಗಳ ತಳಪಾಯ, ಜತೆಗೆ ಒಂದೇ ಕಲ್ಲಿನಲ್ಲಿ ಮನುಷ್ಯನ ಮೈಯ ಆಕಾರಕ್ಕೆ ಕೊರೆದ ತೊಟ್ಟಿ. ರೋಗಿಯನ್ನು ಅದರೊಳಗೆ ಮಲಗಿಸಿ ಔಷಧದ ಎಣ್ಣೆಯಲ್ಲಿ ನೆನೆಸುತ್ತಿದ್ದರಂತೆ. ತಲೆಗೆ, ಭುಜಕ್ಕೆ, ಕಾಲಿಗೆ ಬೇರೆ ಬೇರೆ ಅಗಲ, ಎಣ್ಣೆ ದಂಡವಾಗದಂತೆ. ಬಿಬಿಲೆ ಮೇಷ್ಟ್ರ ಮಿತವ್ಯಯಕ್ಕೆ ಹಳೆಯ ವಂಶಾವಳಿ ಇತ್ತೆಂದು ನನಗೆ ಅನ್ನಿಸುವುದು ಇಲ್ಲಿಯೇ.

ನೆಗಡಿಗೆ ಅವರೂ ಕುಡಿಯುವುದು ಕೊತ್ತಂಬರಿ ಬೀಜದ ಕಷಾಯ, ಕೊತ್ತಮಲ್ಲಿ ಎನ್ನುತ್ತಾರೆ. ಸಮಹನ್ ಪೊಟ್ಟಣ, ಸಿದ್ಧಾಲೇಪ ಮುಲಾಮು ಕಟ್ಟಿಸಿಕೊಂಡು ಬನ್ನಿ, ಹಂಚಲು ಒಳ್ಳೆಯವು. ಬಂದ ಎರಡು ವಾರದೊಳಗೆ ಜ್ವರ ಕಾಣಿಸಿದರೆ ಮಾತ್ರ ಆ ಪೊಟ್ಟಣ ಒಡೆಯುವ ಮೊದಲು ವೈದ್ಯರ ಹತ್ತಿರ ಹೋಗಿ, ಲಂಕೆಗೆ ಹೋಗಿದ್ದೆ ಎಂದು ಅವರು ಕೇಳದಿದ್ದರೂ ಹೇಳಿ. ಗದ್ದೆಯ ಬದುವಿನಲ್ಲಿ, ಕೆಸರಿನಲ್ಲಿ ಬರಿಗಾಲಲ್ಲಿ ನಡೆದಿದ್ದರೆ ಅದನ್ನೂ ಹೇಳಿ. ಅಲ್ಲಿನ ಭತ್ತದ ಸೀಮೆಯಲ್ಲಿ ಇಲಿ ಜ್ವರ ಡೆಂಗಿಯಷ್ಟೇ ಪರಿಚಿತ, ಅದಕ್ಕೆ ಬೇಕಾದದ್ದು ಬೇರೆಯೇ ಚಿಕಿತ್ಸೆ.