ಮುಂದುವರಿದ ಕಥೆಯ ಋಣ

ಬಂಡೀಪುರದ ಅರಣ್ಯವನ್ನು ಹಾದು ವಯನಾಡಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಕೆಲವು ವರ್ಷಗಳ ಹಿಂದೆ ಈ ನಿರ್ಬಂಧದ ದೆಸೆಯಿಂದಲೇ ಐವರು ತರುಣ ತರುಣಿಯರು ಒಂದು ರಾತ್ರಿ ನಮ್ಮ ಅತಿಥಿಗಳಾದರು. ಅವರು ಮದ್ದೂರು ತಪಾಸಣಾ ಠಾಣೆಯನ್ನು ತಲಪುವಷ್ಟರಲ್ಲಿ ಗೇಟು ಮುಚ್ಚಿತ್ತು. ಗುಂಡ್ಲುಪೇಟೆಗೆ ಹಿಂದಿರುಗಿ, ಅವರಲ್ಲೊಬ್ಬನ ಮನೆಯವರ ಪರಿಚಯ ಹೇಳಿ ಬಾಗಿಲು ತಟ್ಟಿದರು. ಊಟ ಮುಗಿದ ಮೇಲೆ ಮೇಜನ್ನು ಒರೆಸಿ ಕಾಗದ, ಪೆನ್ಸಿಲ್ಲು, ಇಪ್ಪತ್ತು ಮುಖಗಳ ದಾಳವೊಂದನ್ನು ಹರಡಿದರು. ನಾನು ಜೂಜೆಂದು ಹುಬ್ಬುಗಂಟಿಕ್ಕಿದೆ. 'ದುಡ್ಡಿನ ಆಟವಲ್ಲ ಫಾದರ್, ಇದು ಕಥೆ' ಎಂದು ನಕ್ಕರು.

ಆ ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅಮೆರಿಕನ್ನರು ರೂಪಿಸಿದ ಇದು 1974ರಲ್ಲಿ ಮೊದಲು ಪ್ರಕಟವಾಯಿತು. ಒಬ್ಬನು ಸೂತ್ರಧಾರ, ಲೋಕವನ್ನೂ ಅಲ್ಲಿನ ಜನರನ್ನೂ ಸಂಕಟವನ್ನೂ ಅವನು ಬಣ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ 'ನಾನು ಹೀಗೆ ಮಾಡುತ್ತೇನೆ' ಎನ್ನುತ್ತಾರೆ. ಫಲ ಅನಿಶ್ಚಿತವಾದಲ್ಲಿ ದಾಳ ತೀರ್ಮಾನಿಸುತ್ತದೆ. ಹೀಗೆ ತಿಂಗಳುಗಟ್ಟಲೆ ಸಾಗುವ ಕಥೆಯನ್ನು ಅವರು ಕ್ಯಾಂಪೇನ್ ಎನ್ನುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಈ ಆಟವನ್ನು ಸೈತಾನನ ಬಲೆಯೆಂದು ದೂರಿದ್ದುಂಟು. ಆ ದೂರು ಸಾಬೀತಾಗಲಿಲ್ಲ. ಆ ರಾತ್ರಿ ನಾನು ಕಂಡದ್ದು ಬೇರೊಂದು, ಹೆಚ್ಚು ಗಂಭೀರವಾದ ತೊಡಕು.

ಅವರ ಮೊದಲ ಕ್ಯಾಂಪೇನ್ ಮುಗಿದಿತ್ತು. ಒಂದು ಹಳ್ಳಿಯನ್ನು ಉಳಿಸಲು ಅವರು ತಮ್ಮ ಪಾತ್ರವೊಂದನ್ನೇ ಕಳೆದುಕೊಂಡಿದ್ದರು. ಈಗ ಎರಡನೆಯದರ ಆರಂಭ. ಸೂತ್ರಧಾರನಾಗಿದ್ದ ಹುಡುಗ ಇನ್ನೂ ದೊಡ್ಡ ರಾಕ್ಷಸನನ್ನು ತಂದು, ಮೊದಲ ಪುಟದಲ್ಲೇ ಆ ಹಳ್ಳಿಯನ್ನು ಸುಟ್ಟುಬಿಟ್ಟ. ಒಬ್ಬ ಹುಡುಗಿ ಪೆನ್ಸಿಲ್ಲನ್ನು ಕೆಳಗಿಟ್ಟು, 'ಹಾಗಾದರೆ ನಾವು ಉಳಿಸಿದ್ದು ಯಾತಕ್ಕೆ?' ಎಂದು ಕೇಳಿದಳು. ಆಟ ಅಲ್ಲಿಗೇ ನಿಂತಿತು.

ಈ ಪ್ರಶ್ನೆಗೆ ನಮ್ಮ ಚಾಮರಾಜನಗರ ಸೀಮೆಯಲ್ಲಿಯೇ ಉತ್ತರವಿದೆಯೆಂದು ನನಗೆ ಹೊಳೆದದ್ದು ಅವರೆಲ್ಲ ಮಲಗಿದ ಮೇಲೆ. ತಂಬೂರಿ, ಗಗ್ಗರ, ಡಮ್ಮಡಿಗಳೊಡನೆ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವು ಸಾಲುಗಳಾಗಿ ಹರಡಿಕೊಂಡಿದೆ. ಒಂದೊಂದು ಸಾಲೂ ಒಂದೊಂದು ಕಥೆ. ಮೇಳವು ಇಡೀ ರಾತ್ರಿ ಹಾಡಿದರೂ ಕಾವ್ಯವೆಲ್ಲ ಮುಗಿಯುವುದಿಲ್ಲ. ಮುಂದುವರಿಸಿ ಹೇಳುವ ಕಲೆ ಅದರ ಜೀವಾಳ.

ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಹೊಲಸು ಹೊತ್ತ ಅಂತ್ಯಜನ ವೇಷದಲ್ಲಿ ಬಂದು ಶರಣರ ಪಟ್ಟಣವನ್ನು ಪರೀಕ್ಷಿಸುತ್ತಾನೆ. ಲೆಕ್ಕವಿಲ್ಲದಷ್ಟು ಜಂಗಮರು ಮೂಗು ಮುಚ್ಚಿಕೊಳ್ಳುವಲ್ಲಿ ಬಸವಣ್ಣ, ನೀಲಮ್ಮರು ಗುರುತಿಸುತ್ತಾರೆ. ಇದಕ್ಕಿಂತ ದೊಡ್ಡ ಕಥೆಯನ್ನು ಮುಂದೆ ಹೇಳುವುದೆಂತು? ಕಾವ್ಯವು ಇನ್ನೊಂದು ದೊಡ್ಡ ಕಲ್ಯಾಣವನ್ನು ಕಟ್ಟುವುದಿಲ್ಲ. ದಕ್ಷಿಣಕ್ಕೆ ಇಳಿದು, ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿಯನ್ನು ಹುಡುಕುತ್ತದೆ. ಅವನೇ ಮುಂದೆ ಸಿದ್ದಪ್ಪಾಜಿ. ಮೊದಲ ಕಥೆಯ ನಾಯಕ ಎರಡನೆಯದರಲ್ಲಿ ಗುರುವಾಗಿ ಹಿನ್ನೆಲೆಗೆ ಸರಿಯುತ್ತಾನೆ. ಶಿಷ್ಯನನ್ನು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿನ ಪಾಂಚಾಳರಲ್ಲಿಗೆ ಒಬ್ಬನನ್ನೇ ಕಳುಹಿಸುತ್ತಾನೆ.

ಇಲ್ಲಿಯ ಹೆಣಿಗೆಯನ್ನು ಗಮನಿಸಬೇಕು. ಕಲ್ಯಾಣದಲ್ಲಿ ಗುರುವು ಊರನ್ನು ಪರೀಕ್ಷಿಸಿದ. ಹಲಗೂರಿನಲ್ಲಿ ಊರು ಶಿಷ್ಯನನ್ನು ಪರೀಕ್ಷಿಸುತ್ತದೆ. ಪ್ರಶ್ನೆ ಅದೇ: ಬಾಗಿಲಿಗೆ ಬಂದವನನ್ನು ಗುರುತಿಸಬಲ್ಲಿರಾ? ಆದರೆ ಕೇಳುವವನ ಸ್ಥಾನ ಬದಲಾಗಿದೆ. ಅವನು ಕೈಯೊಡ್ಡಿ ನಿಂತಿರುವುದು ತನ್ನದೇ ಕಸುಬಿನವರ ಮುಂದೆ. ಆದ್ದರಿಂದ ಎರಡನೆಯ ಕಥೆ ಕಿರಿದಾಗಿಯೂ ಹೆಚ್ಚು ಇರಿಯುತ್ತದೆ. ಸಂಕಟದಲ್ಲಿ ಶಿಷ್ಯನು ಗುರುವನ್ನು ನೆನೆಯುತ್ತಾನೆ. ಹಿಂದಿನ ಕಥೆ ಆಸರೆಯಾಗುತ್ತದೆಯೇ ಹೊರತು ಗೆಲುವನ್ನು ಕಸಿದುಕೊಳ್ಳುವುದಿಲ್ಲ. ಇಂದಿಗೂ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಆರಂಭವಾಗಿ ಐದು ದಿನ ನಡೆಯುವ ಜಾತ್ರೆ ಸಿದ್ದಪ್ಪಾಜಿಯದು. ಬೇರೆ ಬೇರೆ ಜಾತಿಗಳವರು ಪಂಕ್ತಿಸೇವೆಯಲ್ಲಿ ಒಟ್ಟಿಗೆ ಕುಳಿತು ಉಣ್ಣುವಾಗ, ಕಲ್ಯಾಣದಲ್ಲಿ ಮೂಗು ಮುಚ್ಚಿಕೊಂಡವರಿಗೆ ಉತ್ತರ ಕೊಟ್ಟಂತೆ ನನಗೆ ತೋರುತ್ತದೆ. ಮೊದಲ ಕಥೆಯ ಬೀಜ ಇಲ್ಲಿ ಫಲಿಸಿದೆ.

ಆದರೂ ಈ ಕಾವ್ಯದ ಕುರಿತು ನನ್ನದೊಂದು ತಕರಾರಿದೆ. ಕೆಂಪಾಚಾರಿಯನ್ನು ಒಪ್ಪಿಸಲು ಹೆತ್ತವರಿಗೆ ಮನಸ್ಸಿಲ್ಲ, ಗುರು ಬಿಡುವುದಿಲ್ಲ. ಕಠಿಣ ಪರೀಕ್ಷೆಗಳಲ್ಲಿ ಹುಡುಗ ನಲುಗುತ್ತಾನೆ. ಭಕ್ತರ ಕಿವಿಗೆ ಇದು ಪವಾಡ. ದೈವಕರೆಯ ಹೆಸರಿನಲ್ಲಿ ಮಕ್ಕಳನ್ನೂ ತಂದೆತಾಯಿಯರನ್ನೂ ಎದುರು ಕೂರಿಸಿಕೊಂಡು ಮಾತನಾಡಿದ ನನ್ನಂಥವನಿಗೆ ಇಲ್ಲಿ ತಳಮಳವಾಗುತ್ತದೆ. ತೀರ್ಮಾನ ಮೊದಲೇ ಆಗಿದ್ದರೆ ಕರೆಗೆ ಓಗೊಟ್ಟದ್ದಕ್ಕೆ ಬೆಲೆಯೇನು? ನೀಲಗಾರರು ಈ ನೋವನ್ನು ಮುಚ್ಚಿಡುವುದಿಲ್ಲ ಎಂಬುದು ಕಾವ್ಯದ ಪ್ರಾಮಾಣಿಕತೆ. ತಾಯಿಯ ಅಳಲಿಗೂ ಅಲ್ಲಿ ರಾಗವಿದೆ. ಆದರೆ ನೋವನ್ನು ಹಾಡುವುದು ನೋವನ್ನು ಸಮರ್ಥಿಸಿದಂತಾಗದು.

ಈ ಒಂದು ವಿಷಯದಲ್ಲಿ ಹುಡುಗರ ಆಟ ಕಾವ್ಯಕ್ಕಿಂತ ಮುಂದಿದೆ. ಅಲ್ಲಿ ಸೂತ್ರಧಾರನು ಪಾತ್ರವನ್ನು ಎಳೆದೊಯ್ಯುವಂತಿಲ್ಲ, ಕರೆಯಬಹುದು, ಕಾಯಬಹುದು. ಒಳ್ಳೆಯ ಸೂತ್ರಧಾರರು ಹೊಸ ಕ್ಯಾಂಪೇನಿಗೆ ಮುನ್ನ ಎಲ್ಲರನ್ನೂ ಕೂರಿಸಿ, ಯಾರಿಗೆ ಎಂಥ ಕಥೆ ಬೇಕು, ಹಳೆಯ ಪಾತ್ರವೇ ಇರಲೋ ಹೊಸದೋ ಎಂದು ಕೇಳಿಕೊಳ್ಳುತ್ತಾರಂತೆ. ಹಳೆಯ ವೀರರು ಎಷ್ಟು ಬಲಿಷ್ಠರಾಗಿರುತ್ತಾರೆಂದರೆ ಸಾಮಾನ್ಯ ಕಷ್ಟ ಅವರನ್ನು ತಾಗದು. ಆಗ ಸೂತ್ರಧಾರ ರಾಕ್ಷಸನನ್ನು ಹಿಗ್ಗಿಸುತ್ತ ಹೋಗುತ್ತಾನೆ, ಕಥೆ ಮಾತ್ರ ಬಡವಾಗುತ್ತದೆ.

ಬೆಳಿಗ್ಗೆ ಕಾಫಿ ಕುಡಿಯುತ್ತ ಆ ಹುಡುಗನಿಗೆ ಕಲ್ಯಾಣದಿಂದ ಹಲಗೂರಿನವರೆಗಿನ ಕಥೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, 'ಹಾಗಾದರೆ ಹಳ್ಳಿ ಸುಡಬಾರದಿತ್ತು, ಅಲ್ಲವೇ ಫಾದರ್?' ಎಂದ. 'ಸುಡಬಾರದೆಂದಲ್ಲ. ಅವರು ತೆತ್ತ ಬೆಲೆಯನ್ನು ನೀನು ಮರೆಯಬಾರದಿತ್ತು' ಎಂದೆ. ಆ ಹುಡುಗಿ ನಡುವೆ ಬಾಯಿಹಾಕಿ, ತನ್ನ ಹೊಸ ಪಾತ್ರ ಅದೇ ಹಳ್ಳಿಯಲ್ಲಿ, ಅದು ಉಳಿದ ವರ್ಷ ಹುಟ್ಟಿದ ಮಗುವಾಗಿರಲಿ ಎಂದಳು. ಹುಡುಗನು ಹಿಂದಿನ ರಾತ್ರಿ ಬರೆದ ಹಾಳೆಯನ್ನು ಹರಿದು ಜೇಬಿಗೆ ತುರುಕಿಕೊಂಡ.

ಪ್ರಿಯ ಓದುಗರೇ, ನಾವೂ ಯಾರೋ ಆರಂಭಿಸಿದ ಕಥೆಯನ್ನೇ ಮುಂದುವರಿಸುತ್ತಿದ್ದೇವೆ: ಅಪ್ಪ ಕಟ್ಟಿದ ಮನೆ, ಹಿರಿಯರು ದುಡಿದು ಬಿಟ್ಟುಹೋದ ಹೊಲ. ಅದನ್ನು ಅಳಿಸಿ ಹೊಸದಾಗಿ ಬರೆಯುವ ಆತುರ ಕಿರಿಯರಿಗೆ. ತಾವು ಬರೆದಂತೆಯೇ ಮುಂದೆ ನಡೆಯಲಿ ಎಂಬ ಹಟ ಹಿರಿಯರಿಗೆ. ಕಿರಿಯರು ಆ ಹಳ್ಳಿಯನ್ನು ನೆನಪಿಡಲಿ, ಹಿರಿಯರು ಹಲಗೂರಿಗೆ ಅವರನ್ನು ಒಬ್ಬರನ್ನೇ ಕಳುಹಿಸುವ ಧೈರ್ಯ ತಾಳಲಿ. ಆರು ಗಂಟೆಗೆ ಗೇಟು ತೆರೆದಿತ್ತು. ಐವರೂ ಕಾಡಿನ ದಾರಿ ಹಿಡಿದರು.