ಗೇಲಿಗೆ ಏನು ಉತ್ತರ?

ಯೇಸುಸ್ವಾಮಿಗೆ ಮದುವೆಯಾಗಿತ್ತು, ಸಂತಾನವೂ ಇತ್ತು ಎನ್ನುವ ‘ದ ಡಾವಿಂಚಿ ಕೋಡ್’ ಸಿನಿಮಾದಿಂದ ನಮ್ಮ ಕ್ರೈಸ್ತ ಜನಕ್ಕೆ ನೋವಾಯಿತು. 2006ರ ಜೂನ್‌ನಲ್ಲಿ ಆಂಧ್ರ ಸರ್ಕಾರ ಅದನ್ನು ನಿಷೇಧಿಸಿತು. ಸಿನಿಮಾ ನೋಡದೆಯೇ ನಿಷೇಧಿಸಿದ್ದನ್ನು ಎತ್ತಿ ತೋರಿಸಿ, ಹೈಕೋರ್ಟು ಅದೇ ತಿಂಗಳು ಆ ಆಜ್ಞೆ ರದ್ದು ಮಾಡಿತು.

ನಾವಾದರೂ ಓದಿ ಮಾತಾಡಬೇಕಿತ್ತು. ಡ್ಯಾನ್ ಬ್ರೌನ್ ಬರೆದ ಮೂಲ ಕಾದಂಬರಿಯಲ್ಲಿ ಒಬ್ಬ ಪಂಡಿತ, ಯೇಸುವನ್ನು ದೇವರು ಮಾಡಿದ್ದು 325ರ ನೈಸಿಯಾ ಸಭೆಯ ಓಟು ಅಂತಾನೆ. ಪೌಲನ ಪತ್ರಗಳು ಅದಕ್ಕೂ 250 ವರ್ಷ ಹಿಂದಿನವು. ಅವುಗಳಲ್ಲಿ ಆಗಲೇ ಯೇಸು ಕರ್ತನು. ಆ ಮಾತು ನಿಲ್ಲೋದಿಲ್ಲ ಅನ್ನೋಕೆ ಇಷ್ಟು ಸಾಕು.

ಸೈನಿಕರು ಮುಳ್ಳಿನ ಕಿರೀಟ ಇಟ್ಟು ಗೇಲಿ ಮಾಡಿದ್ದನ್ನು ಸುವಾರ್ತೆಗಳೇ ಮುಚ್ಚಿಡಲಿಲ್ಲ. ನಿಷೇಧ ಕೇಳೋದಕ್ಕಿಂತ, ಆದೋನಿ ಕಡೆಯ ನಮ್ಮ ಸಭೆಗಳಲ್ಲಿ ಕೂತು ಓದಿ, ತಿಳಿದು ಉತ್ತರ ಹೇಳೋದೇ ಮೇಲು ಅಂತ ನನಗನಿಸುತ್ತೆ.